ಮಿಡ್ಲ್‌ಟೌನ್‌ನ ಹುಡುಗರು ತೋರಿಸಿಕೊಟ್ಟದ್ದು

ಹುಡುಗನ ಸಾಮರ್ಥ್ಯ ಅಳೆಯಿರಿ, ಉದ್ಯೋಗಗಳ ವಿವರ ಮುಂದಿಡಿ, ಎರಡನ್ನೂ ತಾಳೆ ಹಾಕಿ. ಅಮೆರಿಕದಲ್ಲಿ ಬಹುಕಾಲ ವೃತ್ತಿ ಮಾರ್ಗದರ್ಶನವೆಂದರೆ ಇಷ್ಟೇ ಆಗಿತ್ತು. 1908ರಲ್ಲಿ ಬಾಸ್ಟನ್‌ನಲ್ಲಿ ವೃತ್ತಿ ಸಲಹಾ ಕೇಂದ್ರ ತೆರೆದ ಫ್ರಾಂಕ್ ಪಾರ್ಸನ್ಸ್ ಹಾಕಿಕೊಟ್ಟ ದಾರಿ ಅದು. ದಿಕ್ಕು ತೋಚದ ಎಷ್ಟೋ ಯುವಕರಿಗೆ ಅದು ಆಸರೆಯಾಗಿತ್ತು. ಆದರೆ ಅದರ ತಳದಲ್ಲಿ ಒಂದು ನಂಬಿಕೆ ಕೂತಿತ್ತು: ಕೇಳಿದ ದಿನ ಹುಡುಗ ಆಯ್ಕೆಗೆ ಸಿದ್ಧನಾಗಿಯೇ ಇರುತ್ತಾನೆ ಎಂಬುದು.

ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿದ್ದ ಡೊನಾಲ್ಡ್ ಸೂಪರ್ ಆ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ವೃತ್ತಿ ಒಂದು ದಿನದ ತೀರ್ಮಾನವಲ್ಲ, ಬಾಲ್ಯದಿಂದ ನಿವೃತ್ತಿಯವರೆಗೆ ಬೆಳೆಯುತ್ತ ಹೋಗುವ ಸಂಗತಿ ಎಂಬುದು ಅವರ ವಾದ. ವಾದವನ್ನು ಪುಸ್ತಕದಲ್ಲಿ ಬರೆದು ಸುಮ್ಮನಾಗಬಹುದಿತ್ತು. ಅವರು ಹಾಗೆ ಮಾಡದೆ, 1951ರಲ್ಲಿ ನ್ಯೂಯಾರ್ಕ್ ರಾಜ್ಯದ ಮಿಡ್ಲ್‌ಟೌನ್ ಎಂಬ ಊರಿನ ಶಾಲಾ ಹುಡುಗರನ್ನು ಆರಿಸಿಕೊಂಡು, ಅವರು ದೊಡ್ಡವರಾಗುವವರೆಗೂ ಬೆನ್ನುಹತ್ತಿದರು.

ಸೂಪರ್ ತಂಡ ಒಂಬತ್ತನೇ ತರಗತಿಯ ಹುಡುಗರನ್ನು ಕೂರಿಸಿಕೊಂಡು ಮಾತಾಡಿಸಿತು. ಏನಾಗಬೇಕೆಂದಿದ್ದೀಯ ಎಂಬಲ್ಲಿಗೆ ಮಾತು ನಿಲ್ಲುತ್ತಿರಲಿಲ್ಲ. ಆ ಕೆಲಸಕ್ಕೆ ಯಾವ ಓದು ಬೇಕು ಎಂಬುದು ಅವನಿಗೆ ಗೊತ್ತೇ? ಮುಂದಿನ ಹೆಜ್ಜೆಯ ಬಗ್ಗೆ ಯೋಚನೆ ಇದೆಯೇ? ತಿಳಿಯದ್ದನ್ನು ತಿಳಿಯಲು ಏನಾದರೂ ಪ್ರಯತ್ನ ಮಾಡಿದ್ದಾನೆಯೇ? ಜೊತೆಗೆ ಹೇಳಿದ ಉದ್ಯೋಗಗಳು ಒಂದಕ್ಕೊಂದು ಹೊಂದುತ್ತವೆಯೇ, ಅವನ ಬುದ್ಧಿಶಕ್ತಿಗೂ ಆಸಕ್ತಿಗೂ ಒಪ್ಪುತ್ತವೆಯೇ ಎಂದೂ ಅಳೆದರು. ಇವೆಲ್ಲ ಸೇರಿ 'ವೃತ್ತಿ ಪಕ್ವತೆ' ಎಂಬ ಒಂದೇ ಗುಣವನ್ನು ತೋರಿಸಬೇಕು ಎಂಬುದು ಅವರ ನಿರೀಕ್ಷೆ.

ಫಲಿತಾಂಶ ಹಾಗೆ ಬರಲಿಲ್ಲ. ಮುಂದಾಲೋಚನೆ, ಮಾಹಿತಿ ಹುಡುಕುವ ಆಸ್ಥೆ, ಆಯ್ಕೆಯ ಬಗೆಗಿನ ಕಾಳಜಿ ಒಂದರ ಜೊತೆ ಒಂದು ಬೆಸೆದುಕೊಂಡವು. ಆಯ್ಕೆಯ ಸ್ಥಿರತೆಯೂ ವಿವೇಕವೂ ಆ ಗುಂಪಿಗೆ ಸೇರಲೇ ಇಲ್ಲ. ಅಂದರೆ, ಇಂಜಿನಿಯರ್ ಆಗುತ್ತೇನೆಂದು ಗಟ್ಟಿಯಾಗಿ ಹೇಳುವ ಹದಿನಾಲ್ಕರ ಹುಡುಗ, ಇನ್ನೂ ಗೊತ್ತಿಲ್ಲ ಎನ್ನುವವನಿಗಿಂತ ಪಕ್ವನೆಂದು ಹೇಳಲು ಆಧಾರವಿಲ್ಲ. 1960ರಲ್ಲಿ ಫೀಬಿ ಓವರ್‌ಸ್ಟ್ರೀಟ್ ಜೊತೆ ಸೂಪರ್ ಪ್ರಕಟಿಸಿದ ವರದಿಯ ತಿರುಳು ಇದು. ತಮ್ಮ ನಿರೀಕ್ಷೆಗೆ ಹೊಂದದ್ದನ್ನು ಮುಚ್ಚಿಡದೆ, ಅದನ್ನೇ ಮುಖ್ಯ ಫಲಿತವಾಗಿ ಮುಂದಿಟ್ಟದ್ದು ನನಗೆ ಈ ಕತೆಯ ಅತಿ ದೊಡ್ಡ ಭಾಗ.

ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಸೈನ್ಸೋ ಕಾಮರ್ಸೋ ಎಂದು ನಿಲ್ಲುವ ಮಕ್ಕಳು ಮಿಡ್ಲ್‌ಟೌನ್‌ನ ಹುಡುಗರಿಗಿಂತ ವರ್ಷ ಎರಡು ವರ್ಷಕ್ಕಷ್ಟೇ ದೊಡ್ಡವರು. ಒಂದು ಆಪ್ಟಿಟ್ಯೂಡ್ ಟೆಸ್ಟ್ ಬರೆಸಿ ಕಾಂಬಿನೇಷನ್ ಬರೆದುಕೊಡುವ ಕೌನ್ಸೆಲಿಂಗ್ ಪಾರ್ಸನ್ಸ್ ಕಾಲದಲ್ಲೇ ನಿಂತಿದೆ. ಪಿಸಿಎಂಬಿ ತೆಗೆದುಕೊಂಡರೆ ಯಾವ ಬಾಗಿಲು ತೆರೆದಿರುತ್ತದೆ, ಯಾವುದು ಮುಚ್ಚುತ್ತದೆ, ಎರಡು ವರ್ಷದ ನಂತರ ಮನಸ್ಸು ಬದಲಾದರೆ ದಾರಿ ಏನು ಎಂದು ಮಗುವೇ ಹುಡುಕುವಂತೆ ಮಾಡುವುದಿದೆಯಲ್ಲ, ಅದು ಸೂಪರ್ ಕಂಡುಕೊಂಡದ್ದರ ನೇರ ಬಳಕೆ.

ಅಧ್ಯಯನಕ್ಕೆ ದೊಡ್ಡ ಕೊರತೆಯೂ ಇತ್ತು. ಅದರಲ್ಲಿ ಹುಡುಗಿಯರೇ ಇಲ್ಲ. ಪಕ್ವತೆಯ ಅಂಕಕ್ಕೂ ತಂದೆಯ ಉದ್ಯೋಗ, ಮನೆಯ ವಾತಾವರಣಕ್ಕೂ ನಂಟಿದೆ ಎಂದು ವರದಿಯೇ ಹೇಳಿತ್ತು. ಓದಿದವರಿಲ್ಲದ ಮನೆಯ ಮಗುವಿಗೆ ಕಡಿಮೆ ಅಂಕ ಬಂದರೆ ಅದು ಮಗುವಿನ ದೋಷವಲ್ಲ, ಕೇಳಲು ಜನರಿಲ್ಲದ ಸ್ಥಿತಿ. ಅಲ್ಲಿ ಕೌನ್ಸೆಲರ್ ಮಾಡಬೇಕಾದ ಕೆಲಸವೇ ಬೇರೆ: ನರ್ಸ್, ಸರ್ವೇಯರ್, ಲ್ಯಾಬ್ ಟೆಕ್ನಿಷಿಯನ್ ಹೀಗೆ ನಿಜವಾಗಿ ಆ ಕೆಲಸ ಮಾಡುವವರ ಮುಂದೆ ಆ ಮಗುವನ್ನು ಕೂರಿಸುವುದು.

ಸೂಪರ್ ಕೂಡ ಅಲ್ಲಿಗೆ ನಿಲ್ಲಲಿಲ್ಲ. 1980ರಲ್ಲಿ ಅವರು ಮಗ, ವಿದ್ಯಾರ್ಥಿ, ಕೆಲಸಗಾರ, ಗೃಹಸ್ಥ ಮುಂತಾದ ಪಾತ್ರಗಳನ್ನೆಲ್ಲ ಕಾಮನಬಿಲ್ಲಿನ ಪಟ್ಟಿಗಳಂತೆ ಒಂದೇ ಚಿತ್ರದಲ್ಲಿ ತಂದರು. ಮರುವರ್ಷ ವಯಸ್ಕರ ವಿಷಯದಲ್ಲಿ 'ಪಕ್ವತೆ' ಸಲ್ಲದೆಂದು ಆ ಜಾಗಕ್ಕೆ 'ಹೊಂದಿಕೊಳ್ಳುವ ಶಕ್ತಿ'ಯನ್ನು ತಂದರು. ನಲವತ್ತೈದರಲ್ಲಿ ಕೆಲಸ ಹೋದವರ ಜೊತೆ ಕೂರುವ ಇಂದಿನ ಕೋಚ್‌ಗಳು ಅಳೆಯುವುದೂ ಅದನ್ನೇ.