ಅವಿಭಾಜ್ಯದ ಬೇಟೆಗೆ ಜನ ಬೇಕಾಗಿದ್ದಾರೆ

2024ರ ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಒಂದು ಗ್ರಾಫಿಕ್ಸ್ ಪ್ರೊಸೆಸರ್, 4,10,24,320 ಅಂಕಿಗಳ ಒಂದು ಸಂಖ್ಯೆ ಬಹುತೇಕ ಅವಿಭಾಜ್ಯವೇ ಇರಬೇಕೆಂದು ವರದಿ ಕೊಟ್ಟಿತು. ಮರುದಿನ ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿದ್ದ ಇನ್ನೊಂದು ಪ್ರೊಸೆಸರ್ ಬೇರೆ ವಿಧಾನದಿಂದ ಲೆಕ್ಕ ಹಾಕಿ ಅದನ್ನು ಸಾಬೀತುಪಡಿಸಿತು. ಅಲ್ಲಿಯವರೆಗೆ ತಿಳಿದಿದ್ದ ಅವಿಭಾಜ್ಯ ಸಂಖ್ಯೆಗಳಲ್ಲೆಲ್ಲ ಅದೇ ದೊಡ್ಡದು. ಕಂಡುಹಿಡಿದ ಲ್ಯೂಕ್ ಡ್ಯುರಾಂಟ್ ಯಾವ ಗಣಿತ ಸಂಸ್ಥೆಯ ಪ್ರಾಧ್ಯಾಪಕರೂ ಅಲ್ಲ. 'ಗಿಂಪ್ಸ್' ಎಂಬ ಹುಡುಕಾಟಕ್ಕೆ ತಾವಾಗಿಯೇ ಸೇರಿಕೊಂಡ ಸ್ವಯಂಸೇವಕ.

ಗಿಂಪ್ಸ್ ಎಂದರೆ ಗ್ರೇಟ್ ಇಂಟರ್ನೆಟ್ ಮರ್ಸೆನ್ ಪ್ರೈಮ್ ಸರ್ಚ್. ಅಮೆರಿಕದ ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಇದನ್ನು ಶುರುಮಾಡಿದರು. ಇದುವರೆಗೆ ಸಿಕ್ಕ 52 ಮರ್ಸೆನ್ ಅವಿಭಾಜ್ಯಗಳಲ್ಲಿ 18 ಈ ಬಳಗದ್ದೇ.

ಮರ್ಸೆನ್ ಹದಿನೇಳನೇ ಶತಮಾನದ ಫ್ರೆಂಚ್ ಪಾದ್ರಿ. ಅವರ ಹೆಸರಿನ ಸಂಖ್ಯೆಗಳನ್ನು ಕಟ್ಟುವುದು ಸುಲಭ: ಐದು 2ಗಳನ್ನು ಗುಣಿಸಿ 1 ಕಳೆಯಿರಿ, 31 ಬರುತ್ತದೆ. ಅದು ಅವಿಭಾಜ್ಯ. ಹನ್ನೊಂದು 2ಗಳನ್ನು ಗುಣಿಸಿ 1 ಕಳೆದರೆ 2047. ಅದು ಮಾತ್ರ 23 ಮತ್ತು 89ರ ಗುಣಲಬ್ಧ. ಯಾವುದು ಗೆಲ್ಲುತ್ತದೆ, ಯಾವುದು ಸೋಲುತ್ತದೆ ಎಂದು ಪರೀಕ್ಷಿಸದೆ ಹೇಳಲಾಗದು.

ಪರೀಕ್ಷೆಯೇನೋ ಅಂಗೈಯಗಲದ್ದು. ಫ್ರಾನ್ಸಿನ ಲೂಕಾ ರೂಪಿಸಿ, ಅಮೆರಿಕದ ಲೆಹ್ಮರ್ ಒಪ್ಪ ಮಾಡಿದ ವಿಧಾನವಿದು. 4ರಿಂದ ಹೊರಡಿ. ವರ್ಗ ಮಾಡಿ 2 ಕಳೆಯಿರಿ: 14. ಮತ್ತೆ ಹಾಗೆಯೇ ಮಾಡಿ: 194. ಇದನ್ನು 31ರಿಂದ ಭಾಗಿಸಿದರೆ ಶೇಷ 8. ಅದರ ವರ್ಗದಿಂದ 2 ಕಳೆದರೆ 62. 31ರಿಂದ ಭಾಗಿಸಿದರೆ ಶೇಷ ಸೊನ್ನೆ. ಐದು 2ಗಳ ಸಂಖ್ಯೆಗೆ ಇಂಥ ಮೂರು ಹೆಜ್ಜೆ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಡ್ಯುರಾಂಟ್ ಅವರ ಸಂಖ್ಯೆಯಲ್ಲಿ 13,62,79,841 ಎರಡುಗಳಿವೆ. ಹಾಗಾಗಿ ಅಲ್ಲಿ ಹೆಜ್ಜೆಗಳೂ ಹದಿಮೂರು ಕೋಟಿಗೆ ಮೇಲೆ, ಮತ್ತು ಬಹುಪಾಲು ಪ್ರತಿ ಹೆಜ್ಜೆಯಲ್ಲೂ ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯೊಂದರ ವರ್ಗ! ಒಂದು ಹೆಜ್ಜೆ ಮುಗಿಯದೆ ಮುಂದಿನದು ಆರಂಭವಾಗದು. ಒಂದೇ ಪರೀಕ್ಷೆಯನ್ನು ಸಾವಿರ ಮನೆಗಳಿಗೆ ಹಂಚಲಾಗದು. ಸಾವಿರ ಸಂಖ್ಯೆಗಳನ್ನು ಸಾವಿರ ಮನೆಗಳಿಗೆ ಹಂಚಬಹುದು. ಗಿಂಪ್ಸ್ ಮಾಡುತ್ತಿರುವುದು ಅದನ್ನೇ.

ಸೇರುವವರು ಪ್ರೈಮ್95 ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಳ್ಳಬೇಕು. ಕೇಂದ್ರದ ಸರ್ವರ್ ಒಂದು ಸಂಖ್ಯೆಯನ್ನು ನಿಮ್ಮ ಹೆಸರಿಗೆ ಬರೆದುಕೊಡುತ್ತದೆ. ನೀವು ಕಂಪ್ಯೂಟರಿನಲ್ಲಿ ಬೇರೆ ಕೆಲಸ ಮಾಡುವಾಗ ಈ ಲೆಕ್ಕ ಹಿಂದೆ ಸರಿದು ದಾರಿ ಬಿಡುತ್ತದೆ. ಆಗಾಗ ತನ್ನ ಸ್ಥಿತಿಯನ್ನು ಉಳಿಸಿಕೊಳ್ಳುವುದರಿಂದ ಕರೆಂಟು ಹೋದರೂ ಮೊದಲಿನಿಂದ ಶುರುಮಾಡಬೇಕಿಲ್ಲ.

ಈಗ ಮುಖ್ಯವಾದ ಮಾತು. ನಿಮಗೆ ಬರುವ ಉತ್ತರ ಬಹುಮಟ್ಟಿಗೆ ಖಂಡಿತವಾಗಿ 'ಅಲ್ಲ' ಎಂದೇ ಇರುತ್ತದೆ. ಟೆನೆಸಿಯ ಜೊನಾಥನ್ ಪೇಸ್ ಅವರಿಗೆ 2017ರಲ್ಲಿ 'ಹೌದು' ಸಿಗುವ ಹೊತ್ತಿಗೆ ಹುಡುಕಾಟ ಶುರುಮಾಡಿ 14 ವರ್ಷಗಳಾಗಿದ್ದವು. ಆದರೆ ಆ 'ಅಲ್ಲ'ಗಳು ವ್ಯರ್ಥವಲ್ಲ. 2008ರ ಆಗಸ್ಟ್‌ನಲ್ಲಿ 4,31,12,609 ಎರಡುಗಳ ಅವಿಭಾಜ್ಯ ಸಿಕ್ಕಿತು. ಅದಕ್ಕಿಂತ ಚಿಕ್ಕದಾದ 4,26,43,801 ಎರಡುಗಳದ್ದು ಕಣ್ಣಿಗೆ ಬಿದ್ದದ್ದು 2009ರಲ್ಲಿ. ನಡುವೆ ಒಂದೂ ತಪ್ಪಿಹೋಗಿಲ್ಲ ಎನ್ನಬೇಕಾದರೆ ಪ್ರತಿಯೊಂದನ್ನೂ ಯಾರಾದರೂ ಪರೀಕ್ಷಿಸಿ 'ಅಲ್ಲ' ಎಂದಿರಬೇಕು. 2013ರಲ್ಲಿ ಸಿಕ್ಕಿದ ಅವಿಭಾಜ್ಯ ಸಾಲಿನಲ್ಲಿ 48ನೆಯದೇ ಎಂದು ಖಚಿತವಾದದ್ದು 2021ರಲ್ಲಿ. ಆ ಖಚಿತತೆಯನ್ನು ಕಟ್ಟಿಕೊಟ್ಟವರು ಸುದ್ದಿಯಲ್ಲಿ ಎಂದೂ ಬಾರದ ಸಾವಿರಾರು ಜನ.

ಗುರುತಿಲ್ಲದವರ ಕಂಪ್ಯೂಟರ್ ಕೊಟ್ಟ ಉತ್ತರವನ್ನು ನಂಬುವುದು ಹೇಗೆ? ಮೊದಲೆಲ್ಲ ಅದೇ ಲೆಕ್ಕವನ್ನು ಎರಡನೆಯವರಿಂದ ಪೂರ್ತಿ ಮಾಡಿಸುತ್ತಿದ್ದರು. ಈಗ ಮೊದಲ ಸುತ್ತಿಗೆ ಫರ್ಮಾ ಪರೀಕ್ಷೆ ಎಂಬ ಇನ್ನೊಂದು ವಿಧಾನವನ್ನು ಬಳಸುತ್ತಾರೆ. ರಾಬರ್ಟ್ ಗರ್ಬಿಕ್ಜ್ 2017ರಲ್ಲಿ ಸೂಚಿಸಿದ ಉಪಾಯದಿಂದ, ಯಂತ್ರ ನಡುವೆ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ. 2020ರಿಂದ ಉತ್ತರದ ಜೊತೆಗೆ ಪುರಾವೆಯ ಕಡತವೂ ಹೋಗುತ್ತದೆ. ಅದನ್ನು ಪರಿಶೀಲಿಸಲು ಮೂಲ ಶ್ರಮದ ನೂರರಲ್ಲಿ ಒಂದು ಪಾಲೂ ಬೇಡ. ನಂಬಿಕೆಯನ್ನೇ ಲೆಕ್ಕಕ್ಕೆ ಇಳಿಸಿದ ಈ ಜಾಣ್ಮೆ ನನಗೆ ಆ ದೈತ್ಯ ಸಂಖ್ಯೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಇಷ್ಟು ದೊಡ್ಡ ಅವಿಭಾಜ್ಯಗಳಿಂದ ನೇರ ಉಪಯೋಗವಿಲ್ಲ. ಬ್ಯಾಂಕಿನ ಗೂಢಲಿಪಿಗೆ ನೂರಾರು ಅಂಕಿಗಳವು ಸಾಕು. ಪ್ರಯೋಜನ ದಾರಿಯಲ್ಲಿ ಸಿಗುತ್ತದೆ. ಪ್ರೈಮ್95 ಪ್ರೊಸೆಸರನ್ನು ಎಷ್ಟು ದುಡಿಸುತ್ತದೆಂದರೆ, ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರುಗಳಲ್ಲಿ ಅಡಗಿದ್ದ ದೋಷ ಹೊರಬಿದ್ದದ್ದೇ ಅದರಿಂದ. 2016ರಲ್ಲಿ ಕಂಪನಿ ಅದನ್ನು ಒಪ್ಪಿಕೊಂಡು ಸರಿಪಡಿಸಿತು.

ಹೊಸ ಅವಿಭಾಜ್ಯ ಕಂಡವರಿಗೆ ಗಿಂಪ್ಸ್ 3,000 ಡಾಲರ್ ಕೊಡುತ್ತದೆ. ಹಣದಾಸೆಗೆ ಸೇರಬೇಡಿ, ಕರೆಂಟು ಬಿಲ್ಲು ನಿಮ್ಮದೇ. ಬೇಗ ಬಿಸಿಯೇರುವ ಲ್ಯಾಪ್‌ಟಾಪಿಗೆ ಈ ಹೊರೆ ಬೇಡ. ಕಚೇರಿಯ ಅಥವಾ ಕಾಲೇಜಿನ ಯಂತ್ರವಾದರೆ ಅನುಮತಿ ಕೇಳಿಯೇ ಹಾಕಿ. ಗಾಳಿಯಾಡುವ ಜಾಗದಲ್ಲಿ ಒಂದು ಗಟ್ಟಿ ಡೆಸ್ಕ್‌ಟಾಪ್ ಇದ್ದು, ತಿಂಗಳ ಬಿಲ್ಲು ತುಸು ಏರಿದರೂ ಪರವಾಗಿಲ್ಲ ಎನ್ನುವವರು ಇವತ್ತೇ ಸೇರಬಹುದು. ಗಣಿತದ ಪದವಿ ಬೇಕಿಲ್ಲ. ನೀವು ಕಳಿಸುವ ಒಂದು 'ಅಲ್ಲ' ಸರಿಯಾಗಿದ್ದರೆ, ಅದನ್ನು ಮತ್ತೆ ಯಾರೂ ಹುಡುಕಬೇಕಾಗುವುದಿಲ್ಲ.