ಬೆಚ್ಚಗಿನ ಮನೆಯಲ್ಲಿ ಬಿರಿಯುವ ಮೈ

ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಷಿಕಾಗೊ ನಗರಕ್ಕೆ ಹೋಗುವ ತಾಯಂದಿರು ಈಗ ಅಪರೂಪದವರಲ್ಲ. ಉಣ್ಣೆಯ ಕೋಟು, ಕಾಲುಚೀಲ, ಶಾಲು ಎಲ್ಲವನ್ನೂ ಕಟ್ಟಿಕೊಂಡೇ ಅವರು ವಿಮಾನವೇರುತ್ತಾರೆ. ಆದರೆ ಮನೆಯೊಳಗೆ ಅವರನ್ನು ಕಾಡುವುದು ಚಳಿಯಲ್ಲ. ಹೊರಗೆ ಹಿಮ ಸುರಿಯುತ್ತಿದ್ದರೂ ಒಳಗೆ ನೂಲಿನ ಸೀರೆಯಲ್ಲಿ ಓಡಾಡಬಹುದು. ಹೀಗಿದ್ದೂ ಕೆಲವು ವಾರ ಕಳೆಯುವುದರೊಳಗೆ ಮೊಣಕಾಲಿನ ಕೆಳಗೆ ಚರ್ಮ ಬೆಳ್ಳಗೆ ಹೊಟ್ಟೇಳುತ್ತದೆ, ತುಟಿ ಬಿರಿಯುತ್ತದೆ, ತುರಿಕೆಯಿಂದ ರಾತ್ರಿಯ ನಿದ್ರೆ ಕೆಡುತ್ತದೆ. “ಈ ಊರಿನ ನೀರು ಒಗ್ಗಲಿಲ್ಲ ಕಣೇ” ಎನ್ನುತ್ತಾರೆ ತಾಯಿ. “ಚಳಿಗಾಲವಲ್ಲವೇನಮ್ಮ” ಎನ್ನುತ್ತಾಳೆ ಮಗಳು. ಇಬ್ಬರ ಮಾತಿನಲ್ಲೂ ಪೂರ್ತಿ ನಿಜವಿಲ್ಲ.

ನಿಜವಾದ ಅಪರಾಧಿ ಆ ಬೆಚ್ಚನೆಯ ಗಾಳಿಯೇ. ತಣ್ಣನೆಯ ಗಾಳಿ ಹೆಚ್ಚು ನೀರಾವಿಯನ್ನು ಹೊರಲಾರದು. ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಘನ ಮೀಟರ್ ಗಾಳಿ ಹೊರಬಲ್ಲುದು ಸುಮಾರು 5 ಗ್ರಾಂ. 21 ಡಿಗ್ರಿಯಲ್ಲಾದರೋ ಸುಮಾರು 18 ಗ್ರಾಂ. ಹೊರಗಿನ ಗಾಳಿ ಮನೆಯೊಳಕ್ಕೆ ನುಸುಳಿ ಕಾದಾಗ ಅದರ ಹೊರುವ ಶಕ್ತಿ ಮೂರು ಪಟ್ಟಿಗೂ ಮಿಕ್ಕಿ ಬೆಳೆಯುತ್ತದೆ. ಅದರಲ್ಲಿರುವ ನೀರು ಮಾತ್ರ ಮೊದಲಿದ್ದಷ್ಟೇ. ಅಂದರೆ ಹೊರಗೆ ನೂರಕ್ಕೆ ನೂರರಷ್ಟಿದ್ದ ಆರ್ದ್ರತೆ ಒಳಗೆ 27ಕ್ಕೆ ಇಳಿಯಿತು. ಷಿಕಾಗೊದಲ್ಲಿ ಉಷ್ಣತೆ ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿಯುವ ಇರುಳುಗಳು ಸಾಮಾನ್ಯ. ಅಂಥ ಇರುಳಿನಲ್ಲಿ ಅದು 13ರ ಆಸುಪಾಸಿಗೆ ಬೀಳಬಹುದು. ಬಾಯಾರಿದ ಆ ಗಾಳಿ ಮರದ ಬಾಗಿಲಿನಿಂದ, ಕುಂಡದ ಮಣ್ಣಿನಿಂದ, ಮನುಷ್ಯರ ಮೈಯಿಂದ ನೀರನ್ನು ಹೀರುತ್ತದೆ.

ತಾಯಿ ಊರಿನಿಂದ ತಂದ ಕೊಬ್ಬರಿ ಎಣ್ಣೆಯನ್ನು ಒಣ ಮೈಗೆ ತಿಕ್ಕಿ, ಬಿಸಿಬಿಸಿ ನೀರೆರೆದುಕೊಂಡು, ಸೋಪಿನಿಂದ ಜಿಡ್ಡೆಲ್ಲ ಹೋಗುವಂತೆ ತೊಳೆದುಕೊಳ್ಳುತ್ತಾರೆ. ತುರಿಕೆ ಇಮ್ಮಡಿಸುತ್ತದೆ. ಇದರ ಗುಟ್ಟನ್ನು ಬಾಸ್ಟನ್ನಿನ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿ 1952ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಗಡುಸುಗಟ್ಟಿ ಒಣಗಿದ ಚರ್ಮದ ಚೂರು ಎಣ್ಣೆಯಲ್ಲಿ ನೆನೆದರೂ ಮೆತ್ತಗಾಗಲಿಲ್ಲ. ನೀರಿನಲ್ಲಿ ನೆನೆದಾಗ ಮೆತ್ತಗಾಯಿತು. ಚರ್ಮವನ್ನು ಮೃದುವಾಗಿಡುವುದು ನೀರು. ಎಣ್ಣೆಯದು ಆ ನೀರು ಆರಿಹೋಗದಂತೆ ಮುಚ್ಚಳವಾಗುವ ಕೆಲಸ. ಆದುದರಿಂದ ಚರ್ಮವೈದ್ಯರು ಹೇಳುವ ಕ್ರಮವೇ ಬೇರೆ: ಉಗುರುಬೆಚ್ಚನೆಯ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಟವೆಲಿನಿಂದ ಒತ್ತಿ ಒರಸಿ, ಮೈ ಇನ್ನೂ ಒದ್ದೆಯಾಗಿರುವಾಗಲೇ ವ್ಯಾಸಲೀನನ್ನೋ ಮುಲಾಮನ್ನೋ ಸವರಬೇಕು.

ಇಷ್ಟಕ್ಕೂ ತುರಿಕೆ ಜಗ್ಗದಿದ್ದರೆ ಆಗ ಹ್ಯೂಮಿಡಿಫಯರ್ ಎಂಬ ತೇವದ ಯಂತ್ರದ ಸರದಿ. ಹಿಂದೆ ಅಮೆರಿಕದ ಮನೆಗಳಲ್ಲಿ ಕಾಯುವ ಉಗಿಕೊಳವೆಗಳ ಮೇಲೆ ನೀರಿನ ಬೋಗುಣಿ ಇಡುತ್ತಿದ್ದರು. ಇದು ಅದರ ಮೊಮ್ಮಗ. ಒಂದು ಬಗೆಯಲ್ಲಿ ಫ್ಯಾನು ಒದ್ದೆ ಬತ್ತಿಯ ಮೇಲೆ ಗಾಳಿ ಊದುತ್ತದೆ. ಇನ್ನೊಂದು ನೀರನ್ನು ಕುದಿಸಿ ಉಗಿ ಬಿಡುತ್ತದೆ. ಅಂಬೆಗಾಲಿಡುವ ಮಗುವಿರುವ ಮನೆಗೆ ಇದು ಸಲ್ಲದು. ಮೂರನೆಯದರಲ್ಲಿ ಸಣ್ಣ ಬಿಲ್ಲೆಯೊಂದು ಕಿವಿಗೆ ಕೇಳದಷ್ಟು ವೇಗದಲ್ಲಿ ಕಂಪಿಸಿ ನೀರನ್ನು ಮಂಜಾಗಿ ಚಿಮ್ಮುತ್ತದೆ. ನೀರಿನಲ್ಲಿ ಏನಿದೆಯೋ ಅದೆಲ್ಲವೂ ಆ ಮಂಜಿನಲ್ಲಿ ಹೊರಬೀಳುವುದರಿಂದ ಗಡಸು ನೀರು ಹಾಕಿದರೆ ಮೇಜು ಕುರ್ಚಿಗಳ ಮೇಲೆ ಬಿಳಿಯ ಪುಡಿ ಕೂರುತ್ತದೆ. ಬಟ್ಟಿಯಿಳಿಸಿದ ನೀರೇ ಇದಕ್ಕೆ ಹಿತ.

ಹನ್ನೆರಡು ಅಡಿ ಉದ್ದಗಲದ ಕೋಣೆಯ ಗಾಳಿಯನ್ನು 27ರಿಂದ 45ಕ್ಕೆ ಏರಿಸಲು ಬೇಕಾದ ನೀರೆಷ್ಟು? ಸುಮಾರು ಅರ್ಧ ಲೋಟ! ಆದರೆ ಸಂದುಗೊಂದುಗಳಿಂದ ಒಣಗಾಳಿ ಸದಾ ನುಗ್ಗುತ್ತಿರುವುದರಿಂದ ರಾತ್ರಿಯಿಡೀ ಉಣಿಸುತ್ತಿರಬೇಕು. ಅತಿಯಾದರೂ ತೊಂದರೆಯೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವ ಮಿತಿ 30ರಿಂದ 50. ಅದನ್ನು ಮೀರಿದಂತೆಲ್ಲ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಹಾಸಿಗೆಯಲ್ಲಿ ಧೂಳಿನ ನುಸಿ ಹೆಚ್ಚುತ್ತದೆ. ಉಬ್ಬಸದವರ ಪಾಡು ಕೇಳಬೇಕಾದ್ದಿಲ್ಲ. ಯಂತ್ರದ ಜೊತೆಗೆ ಆರ್ದ್ರತೆಯನ್ನು ಅಳೆಯುವ ಹೈಗ್ರೊಮೀಟರನ್ನೂ ಕೊಳ್ಳುವುದು ಜಾಣತನ. ಅದಿಲ್ಲದವರು ಕಿಟಕಿಯ ಗಾಜನ್ನು ನೋಡಿದರೂ ಸಾಕು. ಅಲ್ಲಿ ಹನಿಗಟ್ಟಿ ನೀರಿಳಿಯುತ್ತಿದ್ದರೆ ಯಂತ್ರವನ್ನು ನಿಲ್ಲಿಸಬಹುದು.

ಇನ್ನು ಶುಚಿಯ ಮಾತು. ತೊಟ್ಟಿಯಲ್ಲಿ ನಿಂತ ನೀರು ಬೇಗ ಲೋಳೆಗಟ್ಟುತ್ತದೆ. ರೋಗಾಣುಗಳು ಬೆಳೆದು ಮಂಜಿನೊಡನೆ ಶ್ವಾಸಕೋಶವನ್ನು ಸೇರುತ್ತವೆ. ಇದಕ್ಕೆ ಸುಲಭದ ಉಪಾಯ ಹುಡುಕಹೊರಟು ದಕ್ಷಿಣ ಕೊರಿಯ ತೆತ್ತ ಬೆಲೆ ಘೋರವಾದುದು. ಅಲ್ಲಿಯೂ ಚಳಿಗಾಲ ಒಣ, ಮನೆಯ ನೆಲವೇ ಕಾಯುತ್ತದೆ. ತೇವದ ಯಂತ್ರ ಅಲ್ಲಿನ ಸಂಸಾರಗಳಿಗೆ ನಿತ್ಯದ ವಸ್ತು. ತೊಟ್ಟಿಯ ನೀರಿಗೇ ಬೆರೆಸುವ ಕ್ರಿಮಿನಾಶಕ ದ್ರವಗಳು 1994ರಿಂದ ಅಂಗಡಿಗಳಲ್ಲಿ ಮಾರಾಟವಾದವು. 2011ರ ವಸಂತದಲ್ಲಿ ಸೋಲ್ ನಗರದ ಆಸ್ಪತ್ರೆಗೆ ಗರ್ಭಿಣಿಯರೂ ಬಾಣಂತಿಯರೂ ಒಬ್ಬರ ಹಿಂದೊಬ್ಬರು ಉಸಿರಾಡಲಾರದೆ ಬಂದು ಸೇರಿದರು. ಯಾವ ಸೋಂಕೂ ಕಾಣಲಿಲ್ಲ. ಅದೇ ವರ್ಷ ತನಿಖೆ ಆ ದ್ರವದತ್ತ ಬೆರಳು ಮಾಡಿತು. ಚರ್ಮಕ್ಕೆ ತಾಕಿದರೆ ಅಷ್ಟೇನೂ ಅಪಾಯವಿಲ್ಲವೆಂದು ಎಣಿಸಿದ್ದ ರಾಸಾಯನಿಕ ಮಂಜಾಗಿ ಎದೆಯೊಳಗಿಳಿದಾಗ ವಿಷವಾಗಿತ್ತು. ಸತ್ತವರು ನೂರಾರು, ಅವರಲ್ಲಿ ಎಳೆಯ ಮಕ್ಕಳೂ ಇದ್ದರು. ಮಗುವಿನ ಕೋಣೆಯ ಗಾಳಿ ಶುದ್ಧವಾಗಿರಲೆಂದು ತಾಯಂದಿರೇ ತಮ್ಮ ಕೈಯಾರೆ ಅದನ್ನು ತೊಟ್ಟಿಗೆ ಸುರಿದಿದ್ದರು. ಪರಿಹಾರಕ್ಕಾಗಿ ವಿಶೇಷ ಕಾನೂನು ಬರುವ ವೇಳೆಗೆ 2017 ಆಗಿತ್ತು.

ಆದುದರಿಂದ ಯಂತ್ರ ಓಡುವಾಗ ತೊಟ್ಟಿಯಲ್ಲಿ ನೀರಲ್ಲದೆ ಬೇರೇನೂ ಇರಕೂಡದು. ನೀಲಗಿರಿ ಎಣ್ಣೆಯೂ ಬೇಡ, ಅತ್ತರೂ ಬೇಡ. ದಿನವೂ ಹಳೆಯ ನೀರನ್ನು ಚೆಲ್ಲಿ ಒರಸಬೇಕು. ಮೂರು ದಿನಕ್ಕೊಮ್ಮೆ ಪ್ಲಗ್ಗನ್ನು ಕಿತ್ತು ತಿಕ್ಕಿ ತೊಳೆಯಬೇಕು. ಕಟ್ಟಿದ ಸುಣ್ಣದ ಪೊರೆಗೆ ವಿನೆಗರ್ ಸಾಕು, ಅದನ್ನೂ ಆಮೇಲೆ ಚೆನ್ನಾಗಿ ಜಾಲಿಸಬೇಕು. ಸೋಮಾರಿತನವಿದ್ದವರು ಈ ಯಂತ್ರವನ್ನು ಕೊಳ್ಳದಿರುವುದೇ ಮೇಲು. ಒದ್ದೆ ಬಟ್ಟೆಗಳನ್ನು ಕೋಣೆಯಲ್ಲಿ ಹರವಿದರೂ ಅಷ್ಟಿಷ್ಟು ತೇವ ಸಿಗುತ್ತದೆ. ಕೊರಿಯದ ಮನೆಗಳಲ್ಲಿ ಈ ರೂಢಿಯೂ ಉಂಟು.

ಈಚೆಗೆ ಬೆಂಗಳೂರಿನ ಅಂಗಡಿಗಳಲ್ಲಿಯೂ ಈ ಯಂತ್ರಗಳು ಬಣ್ಣದ ದೀಪ ಹೊತ್ತಿಸಿಕೊಂಡು ಕುಳಿತಿವೆ. ಮಂಗಳೂರಿನ ಕಡಲ ಗಾಳಿಯಲ್ಲಿ ಅದನ್ನು ಕೇಳುವವರಾರು? ವಿಜಯಪುರ, ಕಲಬುರಗಿಗಳಲ್ಲಿ ಚಳಿಗಾಲಕ್ಕೆ ಹಿಮ್ಮಡಿ ಒಡೆಯುವುದೇನೋ ನಿಜ. ಆದರೆ ಅಲ್ಲಿ ಮನೆ ಕಾಯಿಸುವವರಿಲ್ಲ, ಕಿಟಕಿ ಮುಚ್ಚುವವರೂ ಕಡಮೆ. ತೆರೆದ ಕಿಟಕಿಯ ಕೋಣೆಗೆ ತೇವವೂಡುವುದು ಒಡಕು ಕೊಡಕ್ಕೆ ನೀರು ತುಂಬಿದಂತೆ. ಅಲ್ಲಿಗೆ ಸ್ನಾನವಾದೊಡನೆ ಸವರುವ ಎಣ್ಣೆಯೇ ಸಾಕು.

ಷಿಕಾಗೊದಲ್ಲಿ ಏಪ್ರಿಲ್ ಕಳೆದು ಮನೆ ಕಾಯಿಸುವುದು ನಿಂತ ಮೇಲೆ ಹೈಗ್ರೊಮೀಟರಿನ ಮುಳ್ಳು ತಾನಾಗಿಯೇ ಮೇಲೇರುತ್ತದೆ. ತಾಯಿ ಊರಿಗೆ ಹೊರಡುವ ಹೊತ್ತಿಗೆ ತುರಿಕೆ ಮಾಯವಾಗಿರುತ್ತದೆ. ಮಗಳು ತೊಟ್ಟಿಯನ್ನು ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಹಳೆಯ ಬತ್ತಿಯನ್ನು ಎಸೆದು ಯಂತ್ರವನ್ನು ಪೆಟ್ಟಿಗೆಗೆ ಸೇರಿಸುತ್ತಾಳೆ. ಹೊಸ ಬತ್ತಿಯನ್ನು ನವೆಂಬರಿನಲ್ಲಿ ತಂದರಾಯಿತು.