ತ್ರಿಬಲ್ ನೈನ್ ಮತ್ತೆ ಬಂದರೆ…?

ಅಭಿಮಾನಿ ಮಿತ್ರರೇ, ನಿಮಗೊಂದು ಸವಾಲು! ಅಣ್ಣಾವ್ರ ಸಿ.ಐ.ಡಿ. 999 ಮತ್ತೆ ತೆರೆಗೆ ಬಂದರೆ ನಿಮಗೆ ಬೇಕಾದ್ದು ಹಳೇ 999ನೋ, ಹೊಸ 999ನೋ? ಥಟ್ಟಂತ ಉತ್ತರ ಕೊಡಬೇಡಿ. ಮೊದಲು ಲೆಕ್ಕ ನೋಡೋಣ.

1968ರಲ್ಲಿ ‘ಜೇಡರ ಬಲೆ’. ದೊರೈ-ಭಗವಾನ್ ಜೋಡಿಯ ಮೊದಲ ಚಿತ್ರ. ಕಿರೀಟ ತೊಟ್ಟ ರಾಜ್, ಪಂಚೆ ಉಟ್ಟ ರಾಜ್‌ರನ್ನು ಕಂಡಿದ್ದ ಜನ ಕೋಟು ತೊಟ್ಟು ಪಿಸ್ತೂಲು ಹಿಡಿದ ರಾಜ್‌ರನ್ನು ಕಂಡು ಸೀಟಿ ಹೊಡೆದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ಮೂರೂ ಕಪ್ಪು-ಬಿಳುಪು. ಆಮೇಲೆ? ಸದ್ದೇ ಇಲ್ಲ! ಒಂಬತ್ತು ವರ್ಷ ಕಳೆದು 1978ರಲ್ಲಿ ಬಣ್ಣ ತೊಟ್ಟು ಬಂತು ‘ಆಪರೇಷನ್ ಡೈಮಂಡ್ ರಾಕೆಟ್’.

ಇಲ್ಲಿ ಗಮನಿಸಿ. ನಾಯಕ ಅದೇ, ನಂಬರು ಅದೇ, ನಿರ್ದೇಶಕರು ಅವರೇ, ಸಂಗೀತಕ್ಕೆ ಅದೇ ಜಿ.ಕೆ. ವೆಂಕಟೇಶ್. ಆದರೆ ಕಾಲ ಬದಲಾಗಿತ್ತು. ಮೊದಲು ರಾಜ್‌ಗೆ ಪಿ.ಬಿ. ಶ್ರೀನಿವಾಸ್ ಕಂಠ. 1974ರ ‘ಸಂಪತ್ತಿಗೆ ಸವಾಲ್’ ಆದಮೇಲೆ ರಾಜ್ ತಾವೇ ಹಾಡತೊಡಗಿದ್ದರು. ಹೀಗಾಗಿ ಡೈಮಂಡ್ ರಾಕೆಟ್‌ನಲ್ಲಿ ಅಣ್ಣಾವ್ರ ಬಾಯಲ್ಲಿ ಇಂಗ್ಲಿಷ್ ಹಾಡು! ಇಂದಿಗೂ ಹುಡುಗರ ಮೊಬೈಲಿನಲ್ಲಿ ಓಡುತ್ತಿರುವುದು ಯಾವುದು ಹೇಳಿ? ಆ ಹೊಸ ಸಾಹಸವೇ ತಾನೇ!

ಚಹಾದಂಗಡಿಯಲ್ಲಿ ಎರಡು ಪಾರ್ಟಿ

ಈ ವಿಷಯಕ್ಕೆ ನಮ್ಮ ಮಾಸೂರಿನ ಚಹಾದಂಗಡಿಯಲ್ಲಿ ಎರಡು ಪಾರ್ಟಿಗಳೇ ಆಗಿವೆ. ಹಿರಿಯರದ್ದು ಒಂದೇ ಮಾತು: ‘‘ಅದಕ್ಕ ಕೈ ಹಚ್ಚಬ್ಯಾಡ್ರಪಾ. ರಾಜಕುಮಾರ್ ಜೊತೀನ ಅದು ಮುಗೀತು.’’ ಹುಡುಗರದ್ದು ಇನ್ನೊಂದು: ‘‘ಕಾಕಾ, ಕಂಪ್ಯೂಟರಿನ್ಯಾಗ ಅಣ್ಣಾವ್ರ ಮಾರಿ ತಂದು ಕೂಡಿಸಿದ್ರಾತು!’’

ಎರಡೂ ನನಗೆ ಒಪ್ಪಿಗೆಯಿಲ್ಲ. ಕಾರಣ ಕೇಳಿ.

ನನ್ನ ತಮ್ಮನ ಮಗ ಮಾರಿಯೋ ಎಂಬ ವಿಡಿಯೋ ಗೇಮಿನ ಹುಚ್ಚ. ಜಪಾನಿನ ನಿಂಟೆಂಡೊ ಕಂಪನಿ ‘ಸೂಪರ್ ಮಾರಿಯೋ ಬ್ರದರ್ಸ್’ ಆಟ ತಂದದ್ದು 1985ರಲ್ಲಿ. ಆಗ ಕೆಂಪು ಟೋಪಿಯ ಮಾರಿಯೋ ಎಡದಿಂದ ಬಲಕ್ಕೆ ಓಡಬೇಕು, ಹಾರಬೇಕು, ಅಷ್ಟೇ. 1996ರಲ್ಲಿ ಅವನನ್ನು ಎತ್ತಿ ನಾಲ್ಕೂ ದಿಕ್ಕಿಗೆ ಓಡಾಡುವ ಬಯಲಿಗೆ ಬಿಟ್ಟರು. ಟೋಪಿ, ಮೀಸೆ, ನಾಣ್ಯ, ಜಿಗಿತ ಮಾತ್ರ ಹಾಗೇ ಇದ್ದವು. 2017ರ ‘ಒಡಿಸ್ಸಿ’ಯಲ್ಲಂತೂ ಇನ್ನೊಂದು ಚಮತ್ಕಾರ! ಓಡುತ್ತಾ ಓಡುತ್ತಾ ಮಾರಿಯೋ ಗೋಡೆಯೊಳಗೆ ನುಗ್ಗಿ ಚಪ್ಪಟೆಯಾಗಿ 1985ರ ಮಾರಿಯೋ ಆಗ್ತಾನೆ. ಒಂದೆರಡು ನಿಮಿಷ ಹಳೇ ನೆನಪು, ಮತ್ತೆ ಹೊಸ ಆಟ. ಉಪ್ಪಿನಕಾಯಿ ಹಾಗೆ ಎಲೆಯ ತುದಿಯಲ್ಲಿರಬೇಕು. ಅದನ್ನೇ ಊಟ ಮಾಡಲಾದೀತೇ?

ಜೇಮ್ಸ್ ಬಾಂಡ್‌ನನ್ನೇ ನೋಡಿ. 1962ರಿಂದ ಬಂದ ಸರಣಿ. 2006ರ ‘ಕ್ಯಾಸಿನೊ ರಾಯಲ್’ನಲ್ಲಿ ಹೊಸ ನಟ ಡೇನಿಯಲ್ ಕ್ರೇಗ್. ಬಾಂಡ್ ತನ್ನ ಹೆಸರು ಹೇಳುವ ಆ ಠೀವಿಯ ಮಾತನ್ನು ಕೊನೆಯ ದೃಶ್ಯದವರೆಗೂ ತಡೆದು ಹಿಡಿದರು! ಹೊಸಬ ತನ್ನ ತಾಕತ್ತು ತೋರಿಸಿದ ಮೇಲೇ ಹಳೇ ಬಿರುದು ಸಿಕ್ಕಿತು.

ಅಂಕಿತ ಒಂದೇ, ಮಾತು ಬೇರೆ

ಸರ್ವಜ್ಞ ನಮ್ಮವನು ಅಂತ ಅಬಲೂರಿನವರೂ ಹೇಳ್ತಾರೆ, ನಾವು ಮಾಸೂರಿನವರೂ ಹೇಳ್ತೇವೆ. ಅವನ ತ್ರಿಪದಿಯ ಗುಟ್ಟೇನು? ಮೂರು ಸಾಲಿನ ಅಚ್ಚು ಅದೇ, ಕೊನೆಗೆ ಅಂಕಿತ ಅದೇ. ಒಳಗಿನ ಮಾತು ಮಾತ್ರ ಪ್ರತಿಸಲ ಬೇರೆ. ಒಮ್ಮೆ ಜಾತಿ, ಒಮ್ಮೆ ಸಾಲ, ಒಮ್ಮೆ ಅನ್ನ. ಸರಣಿ ಅಂದರೆ ಇದು!

999ಕ್ಕೂ ಅದೇ ದಾರಿ. ನಂಬರು ಉಳಿಯಲಿ, ಆ ಲವಲವಿಕೆ ಉಳಿಯಲಿ, ವೆಂಕಟೇಶ್ ಸಂಗೀತದ ಒಂದು ಎಳೆ ಉಳಿಯಲಿ. ಆದರೆ ಇಂದಿನ ಖಳನಾಯಕ ವಜ್ರ ಸಾಗಿಸುವವನಲ್ಲ. ಪೊಲೀಸ್ ಅಂತ ಫೋನ್ ಮಾಡಿ, ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸಿ, ನಿವೃತ್ತ ಮೇಷ್ಟ್ರ ಉಳಿತಾಯ ನುಂಗುವವನು. ಅವನ ಬೆನ್ನಟ್ಟಲಿ ನಮ್ಮ ಹೊಸ ಪ್ರಕಾಶ್!

ಮುಖದ ಮಾತು? 2006ರಲ್ಲಿ ಅಣ್ಣಾವ್ರು ಹೋದರು. ದೊರೈರಾಜ್ ಅದಕ್ಕೂ ಮೊದಲೇ, 2023ರಲ್ಲಿ ಭಗವಾನ್ ಹೋದರು. ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ, ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಹಚ್ಚಿ ಬಿಡುಗಡೆ ಮಾಡಿದರು. ಅದು ಸರಿ, ಅಲ್ಲಿರುವುದು ಅವರೇ ಮಾಡಿದ ಅಭಿನಯ. ಅವರು ಮಾಡದ ಅಭಿನಯವನ್ನು ಯಂತ್ರದಿಂದ ಮಾಡಿಸಿದರೆ ಅದು ಅಭಿಮಾನವಲ್ಲ ಗೆಳೆಯರೇ, ಮುಖವಾಡ!

1968ರಲ್ಲಿ ರಾಜ್ ‘ನನಗೆ ಪುರಾಣವೇ ಸಾಕು’ ಅಂತ ಕೂತಿದ್ದರೆ 999 ಹುಟ್ಟುತ್ತಲೇ ಇರಲಿಲ್ಲ. ಅವರಿಂದ ಕಲಿಯಬೇಕಾದ್ದು ಆ ಧೈರ್ಯ. ಹೊಸ ಹುಡುಗನೊಬ್ಬ ಆ ನಂಬರು ಹೊತ್ತು ಬರಲಿ. ಚೆನ್ನಾಗಿ ಮಾಡಿದರೆ ಮೊದಲ ಸೀಟಿ ನನ್ನದು. ಕೆಡಿಸಿದರೆ…? ಮೊದಲ ಬೈಗುಳವೂ ನನ್ನದೇ!